ಹೋಮ್ ಪ್ಲೇಟ್ ಬಳಿ ನಿಂತ ಹೊತ್ತು

೨೦೨೫ರ ಫೆಬ್ರವರಿ ೯, ರವಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಖಾನಾಪುರದ ಬೇಸ್‌ಬಾಲ್ ಮೈದಾನದಲ್ಲಿ ಬೆಳಗಾವಿ ತಂಡದ ಖುಶ್ನುಮಾ ಮೂರನೇ ಬೇಸಿನ ಮೇಲಿಂದ ಕಾಲು ಕಿತ್ತಳು. ಚೆಂಡು ಆಗಿನ್ನೂ ಗಾಳಿಯಲ್ಲಿತ್ತು. ಎಡಗಡೆ ದೂರದಲ್ಲಿ ಖಾನಾಪುರ ತಂಡದ ಲಕ್ಷ್ಮೀ ಗ್ಲೌಸ್ ಎತ್ತಿ ಕಾಯುತ್ತಿದ್ದಳು. ಚೆಂಡು ಆ ಗ್ಲೌಸಿಗೆ ಬಿದ್ದಾಗ ಖುಶ್ನುಮಾ ಆಗಲೇ ಎರಡು ಹೆಜ್ಜೆ ಮುಂದಿದ್ದಳು.

ಇದನ್ನು ಕಣ್ಣಾರೆ ಕಂಡವಳು ನೇತ್ರಾ ಒಬ್ಬಳೇ. ಬ್ಯಾಟರ್ ನಿಲ್ಲುವ, ಓಟ ಮುಗಿಯುವ ಹೋಮ್ ಪ್ಲೇಟಿನ ಹಿಂದೆ ನಿಲ್ಲುವ ಮುಖ್ಯ ಅಂಪೈರ್ ಅವಳು. ಚೆಂಡು ಮೇಲೆದ್ದ ಕೂಡಲೇ ಮಾಸ್ಕ್ ತೆಗೆದು, ನಾಲ್ಕು ಹೆಜ್ಜೆ ಬದಿಗೆ ಸರಿದು, ಓಟಗಾರ್ತಿಯ ಕಾಲು ಮತ್ತು ಹಿಡಿಯುವವಳ ಗ್ಲೌಸ್ ಎರಡೂ ಒಂದೇ ನೋಟದಲ್ಲಿ ಸಿಗುವ ಜಾಗ ಹಿಡಿದಿದ್ದಳು. ಅಳತೆಪಟ್ಟಿಯನ್ನು ಓರೆಯಾಗಿ ನೋಡಬೇಡಿ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ದಿನವೂ ಹೇಳುವವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ವಾರವಿಡೀ ಅವಳು ಬೆಳಗಾವಿಯ ಒಂದು ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿ. ರವಿವಾರ ಮಾತ್ರ ಅಂಪೈರ್. ಕಾಲೇಜಿನಲ್ಲಿದ್ದಾಗ ಸಾಫ್ಟ್‌ಬಾಲ್ ಆಡಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಬೇಸ್‌ಬಾಲಿನ ನಿಯಮ ಪುಸ್ತಕ ಹಿಡಿದಳು, ಅದನ್ನು ಇನ್ನೂ ಬಿಟ್ಟಿರಲಿಲ್ಲ.

ಅದು ಜಿಲ್ಲೆಯ ಹುಡುಗಿಯರ ಫೈನಲ್. ಗೆದ್ದ ತಂಡ ರಾಜ್ಯಮಟ್ಟಕ್ಕೆ ಹೋಗುತ್ತದೆ. ಬೆಳಗಾವಿ ತಂಡ ನಾಲ್ಕು ವರ್ಷದಿಂದ ಹೋಗುತ್ತಲೇ ಇತ್ತು. ಖಾನಾಪುರದವರು ಫೈನಲ್ ಮುಟ್ಟಿದ್ದೇ ಇದು ಮೊದಲ ಸಲ. ಏಳನೆಯ, ಕೊನೆಯ ಇನ್ನಿಂಗ್ಸು. ಎರಡೂ ಕಡೆ ನಾಲ್ಕು ನಾಲ್ಕು ರನ್. ಖಾನಾಪುರದವರ ಸರದಿ ಮುಗಿದು ಈಗ ಬೆಳಗಾವಿಯ ಬ್ಯಾಟಿಂಗ್, ಮೂವರು ಔಟಾದರೆ ಸರದಿ ಮುಗಿಯಿತು, ಒಬ್ಬಳು ಔಟಾಗಿದ್ದಳು. ಲಕ್ಷ್ಮೀ ಹಿಡಿದ ಕ್ಯಾಚಿನಿಂದ ಎರಡನೆಯವಳೂ ಔಟಾದಳು. ಅಷ್ಟರಲ್ಲಿ ಖುಶ್ನುಮಾ ಧೂಳೆಬ್ಬಿಸುತ್ತ ಬಂದು ಹೋಮ್ ಪ್ಲೇಟ್ ತುಳಿದಳು. ಲಕ್ಷ್ಮೀ ಎಸೆದ ಚೆಂಡು ಹೋಮ್ ಪ್ಲೇಟ್ ಕಾಯುವ ಕ್ಯಾಚರ್ ಅನುರಾಧಾಳ ಕೈಗೆ ಬರುವಷ್ಟರಲ್ಲಿ ಬೆಳಗಾವಿಯ ಹುಡುಗಿಯರು ಖುಶ್ನುಮಾಳನ್ನು ಎತ್ತಿಕೊಂಡಿದ್ದರು. ಐದು–ನಾಲ್ಕು. ನೋಡಿದವರಿಗೆಲ್ಲ ಆಟ ಮುಗಿದಿತ್ತು.

ನಿಯಮದ ಪ್ರಕಾರ ಮುಗಿದಿರಲಿಲ್ಲ. ಮೇಲೆದ್ದ ಚೆಂಡನ್ನು ಫೀಲ್ಡರ್ ಮುಟ್ಟುವವರೆಗೆ ಓಟಗಾರ್ತಿ ತನ್ನ ಬೇಸ್ ಬಿಡುವಂತಿಲ್ಲ. ಮೊದಲೇ ಬಿಟ್ಟರೆ ತಪ್ಪು. ಆದರೆ ಆ ತಪ್ಪು ತಾನಾಗಿ ಔಟ್ ಆಗುವುದಿಲ್ಲ. ಎದುರಾಳಿಗಳು ಚೆಂಡು ಹಿಡಿದು ಆ ಬೇಸನ್ನು ಮುಟ್ಟಿ, ಇವಳು ಬೇಗ ಬಿಟ್ಟಳು ಎಂದು ಅಪೀಲ್ ಮಾಡಬೇಕು. ಮಾಡಿದರೆ ಔಟ್, ರನ್ನೂ ಇಲ್ಲ. ಮಾಡದಿದ್ದರೆ ರನ್ ರನ್ನೇ. ಪಂದ್ಯ ಮುಗಿಸಿದ ಓಟವಾದರೆ ಚೆಂಡೆಸೆಯುವ ಪಿಚರ್ ಮತ್ತು ಬೇಸುಗಳ ಹತ್ತಿರದ ಒಳ ಮೈದಾನದ ಫೀಲ್ಡರುಗಳೆಲ್ಲ ಮೈದಾನ ಬಿಟ್ಟು ಹೊರಹೋಗುವವರೆಗೂ ಅಪೀಲಿಗೆ ಸಮಯವಿರುತ್ತದೆ. ಅಲ್ಲಿಯವರೆಗೆ ಅಂಪೈರ್ ಮೈದಾನ ಬಿಡಬಾರದು; ಕಂಡದ್ದನ್ನು ಬಾಯಿ ಬಿಟ್ಟು ಹೇಳಲೂ ಬಾರದು.

ನೇತ್ರಾ ಮಾಸ್ಕನ್ನು ಎಡಗೈಯಲ್ಲಿ ಹಿಡಿದು ಹೋಮ್ ಪ್ಲೇಟಿನ ಪಕ್ಕದಲ್ಲಿ ನಿಂತಳು.

ಖಾನಾಪುರದ ಹುಡುಗಿಯರು ಇದ್ದಲ್ಲೇ ಕುಸಿದಿದ್ದರು. ಪಿಚರ್ ಮಂಡಿಯೂರಿ ಕೆಂಪು ಮಣ್ಣು ಕೆದರುತ್ತಿದ್ದಳು. ಇನ್ನೊಬ್ಬ ಅಂಪೈರ್ ಬುರಾನುದ್ದೀನ ಆಗಲೇ ನೀರಿನ ಕ್ಯಾನಿನ ಕಡೆ ನಡೆದಿದ್ದ. ಬೆಳಗಾವಿಯ ಬಟ್ಟೆ ಅಂಗಡಿ ವ್ಯಾಪಾರಿ ಆತ. ಕ್ಯಾಚನ್ನು ನೋಡುವುದು ಅವನ ಕೆಲಸವಾಗಿತ್ತು, ಕಾಲು ನೋಡುವುದು ಅವಳದು. ಮೂರನೇ ಬೇಸಿನ ಬಳಿ ಖಾನಾಪುರದ ನಾಯಕಿ ಸಮೃದ್ಧಿ ಮಾತ್ರ ನಿಂತೇ ಇದ್ದಳು. ಅವಳ ಕಣ್ಣು ನೇತ್ರಾಳ ಮೇಲಿತ್ತು.

ಕೇಳು, ಎಂದು ನೇತ್ರಾಳ ಮನಸ್ಸು ಹೇಳುತ್ತಿತ್ತು. ಅದೇ ಕ್ಷಣ ಅವಳಿಗೆ ಬೇರೊಂದು ನೆನಪಾಯಿತು. ಈ ಹುಡುಗಿ ಕೇಳುವುದಿಲ್ಲ. ಕೇಳಬೇಡ ಎಂದವಳು ತಾನೇ.

ಎರಡನೇ ಇನ್ನಿಂಗ್ಸಿನಲ್ಲಿ ನಡೆದ ಮಾತು ಅದು. ಖಾನಾಪುರದ ಹುಡುಗಿಯರೆಲ್ಲ ಅಣ್ಣ ತಮ್ಮಂದಿರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಬೇಸಿನ ಹತ್ತಿರ ಏನಾದರೂ ಆಯಿತೆಂದರೆ ಒಂಬತ್ತೂ ಮಂದಿ ಕೈ ಮೇಲೆತ್ತಿ ಹೌಜಾಟ್ ಎಂದು ಕಿರುಚುತ್ತಿದ್ದರು. ಕ್ರಿಕೆಟ್ಟಿನಲ್ಲಿ ಆ ಒಂದು ಕೂಗು ಎಲ್ಲ ಬಗೆಯ ಔಟಿಗೂ ನಡೆಯುತ್ತದೆ. ಬೇಸ್‌ಬಾಲಿನಲ್ಲಿ ಹೆಚ್ಚಿನ ಔಟುಗಳನ್ನು ಅಂಪೈರ್ ಯಾರೂ ಕೇಳದೆಯೇ ಕೊಡುತ್ತಾನೆ. ಇಂಥ ಒಂದೆರಡಕ್ಕೆ ಮಾತ್ರ ಕೇಳಬೇಕು, ಏನೆಂದು ಬಿಡಿಸಿ ಕೇಳಬೇಕು. ಬೆಳಗಾವಿಯ ಕೋಚ್ ಓಂಕಾರ, ಇದೇನು ಮ್ಯಾಚೋ ಸಂತೆಯೋ ಎಂದು ರೇಗಿದ್ದ. ಗದ್ದಲಕ್ಕೆ ನೇತ್ರಾಳಿಗೂ ಬೇಸರ ಬಂದಿತ್ತು. ಸಮೃದ್ಧಿಯನ್ನು ಕರೆದು ಅವಳು, “ಇಲ್ಲಿ ಹಂಗ ಒದರೂದಿಲ್ಲವಾ. ಔಟಾದ್ರ ನಾನಽ ಹೇಳ್ತೀನಿ,” ಎಂದಿದ್ದಳು. ಅಲ್ಲಿಂದಾಚೆ ಹುಡುಗಿಯರು ತುಟಿ ಎರಡು ಮಾಡಿರಲಿಲ್ಲ. ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಈಗ ಮೂರನೇ ಬೇಸಿನ ಪಕ್ಕದಲ್ಲಿ ನಿಂತು ಅವಳ ಮುಖ ನೋಡುತ್ತಿತ್ತು.

ಸಮೃದ್ಧಿ ಥಟ್ಟನೆ ಅನುರಾಧಾಳ ಕಡೆ ಕೈ ಚಾಚಿದಳು. ಅನುರಾಧಾ ಏಕೆಂದು ತಿಳಿಯದೆಯೇ ಚೆಂಡು ಎಸೆದಳು. ಸಮೃದ್ಧಿ ಹಿಡಿದು, ಮೂರನೇ ಬೇಸಿನ ಮೇಲೆ ಬಲಗಾಲು ಊರಿ, ಚೆಂಡಿದ್ದ ಕೈಯನ್ನು ನೇತ್ರಾಳ ಕಡೆ ಎತ್ತಿ ತೋರಿಸಿದಳು. ಮಾತಾಡಲಿಲ್ಲ.

ಇದು ಅಪೀಲೋ ಅಲ್ಲವೋ?

ಬಾಯಿಂದ ಕೇಳಬೇಕು, ಇಲ್ಲವೆ ಬೇರೆ ಅರ್ಥಕ್ಕೆ ಎಡೆಯಿಲ್ಲದಂಥ ಕ್ರಿಯೆಯಿಂದ ತಿಳಿಸಬೇಕು ಎನ್ನುತ್ತದೆ ನಿಯಮ. ಚೆಂಡು ಕೈಯಲ್ಲಿದ್ದಾಗ ಅಕಸ್ಮಾತ್ತಾಗಿ ಬೇಸ್ ತುಳಿದರೆ ಅದು ಅಪೀಲಲ್ಲ. ನೇತ್ರಾ ಒಂದೊಂದನ್ನೇ ಬಿಡಿಸಿ ನೋಡಿದಳು. ಚೆಂಡನ್ನು ಈ ಹುಡುಗಿ ಬೇಡಿ ತರಿಸಿಕೊಂಡಳು. ಬೇಸನ್ನು ಹುಡುಕಿ ತುಳಿದಳು. ತೋರಿಸಿದ್ದು ಗೆಳತಿಯರಿಗಲ್ಲ, ಅಂಪೈರಿಗೆ. ಆ ಬೇಸಿನಿಂದ ಓಡಿದವಳು ಒಬ್ಬಳೇ, ಆದ್ದರಿಂದ ಯಾರ ಬಗ್ಗೆ ಎಂಬ ಗೊಂದಲವೂ ಇಲ್ಲ. ಇದಕ್ಕೆ ಬೇರೆ ಯಾವ ಅರ್ಥ ಹಚ್ಚಬಹುದು?

ಇನ್ನೊಂದು ಯೋಚನೆ ಬಾಜೂದಿಂದ ನುಸುಳಿತು. ಖಾನಾಪುರ ಅವಳ ತವರು. ಔಟ್ ಕೊಟ್ಟರೆ ಜನ ಏನೆನ್ನುತ್ತಾರೆ ಎಂಬುದು ಗೊತ್ತೇ ಇತ್ತು. ಹಾಗೆಂದು ಕೊಡದೆ ಬಿಟ್ಟರೆ? ಜನರ ಮಾತಿಗೆ ಹೆದರಿ ಈ ಹುಡುಗಿಯರದ್ದನ್ನು ಕಿತ್ತುಕೊಂಡ ಹಾಗಾಗುತ್ತದೆ. ಅದೂ ಪಕ್ಷಪಾತವೇ, ಯಾರೂ ಬೈಯದ ಪಕ್ಷಪಾತ, ಅಷ್ಟೇ.

ಅವಳು ಬಲಗೈ ಮುಷ್ಟಿ ಕಟ್ಟಿ ಮೇಲೆತ್ತಿದಳು. ಮೂರನೇ ಔಟ್. ರನ್ ಇಲ್ಲ. ನಾಲ್ಕು–ನಾಲ್ಕು.

ಓಂಕಾರ ಓಡಿ ಬಂದ. ಬಂದವನು ಕಿರುಚಲಿಲ್ಲ, ಅದೇ ನೇತ್ರಾಳಿಗೆ ಕಷ್ಟವಾಯಿತು. ಆ ಹುಡುಗಿ ಏನು ಕೇಳಿದಳು ಎಂದು ಕೇಳಿದ. ಬಾಯಿಂದ ಏನೂ ಕೇಳಲಿಲ್ಲ, ಕ್ರಿಯೆಯಿಂದ ಕೇಳಿದಳು ಎಂದು ಅವಳು ನಿಯಮ ವಿವರಿಸಿದಳು. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡ.

“ಕಾಲು ಕಿತ್ತಿದ್ದು ಖರೇ ಇರಬಹುದು. ಅದರ ಬಗ್ಗೆ ನಂದು ತಕರಾರಿಲ್ಲರಿ, ಮ್ಯಾಡಮ್,” ಎಂದ. “ಆ ಹುಡುಗಿಗೆ ಅಪೀಲ್ ಅಂದ್ರ ಏನಂತ ಗೊತ್ತಿಲ್ಲ. ನೀವು ಗೊತ್ತು ಮಾಡಿಸಿದ್ರಿ. ತವರಿನ್ಯಾಗ ಫೈನಲ್ ಇಟ್ರ ಹಿಂಗಽ ಆಕ್ಕೈತಿ.”

ಸಮೃದ್ಧಿ ಅಷ್ಟರಲ್ಲಿ ಹತ್ತಿರ ಬಂದಿದ್ದಳು. ತಾನು ಕಾಲು ನೋಡಿಲ್ಲ, ಚೆಂಡು ನೋಡುತ್ತಿದ್ದೆ, ಕ್ಯಾಚಿಗಿಂತ ಮೊದಲೇ ಬೆನ್ನ ಹಿಂದೆ ಓಡುವ ಸಪ್ಪಳ ಕೇಳಿಸಿತು ಎಂದಳು. ಮತ್ತೆ ಯಾಕೆ ಆಗಲೇ ಹೇಳಲಿಲ್ಲ ಎಂದು ಓಂಕಾರ ಕೇಳಿದ.

“ಮ್ಯಾಡಮ್ ತಾವಽ ಹೇಳ್ತೀನಿ ಅಂದಿದ್ರು. ಹೇಳಲಿಲ್ಲ. ಆದ್ರ ಹೋಗಲೂ ಇಲ್ಲ,” ಎಂದಳು ಸಮೃದ್ಧಿ. “ಅವರು ನಿಂತಿದ್ದು ನೋಡಿ, ಏನೋ ಉಳದೈತಿ ಅನ್ನಿಸ್ತರಿ.”

ಓಂಕಾರ ನೇತ್ರಾಳ ಕಡೆ ತಿರುಗಿ ಸುಮ್ಮನೆ ಎರಡೂ ಕೈ ಚೆಲ್ಲಿದ.

ಸಮವಾದ್ದರಿಂದ ಹೆಚ್ಚುವರಿಯಾಗಿ ಆಡಿಸಿದ ಎಂಟನೇ ಇನ್ನಿಂಗ್ಸಿನಲ್ಲಿ ಖಾನಾಪುರದವರು ಒಂದು ರನ್ ತೆಗೆದು ಗೆದ್ದರು. ಓಂಕಾರ ಆಟದ ಸಮಿತಿಗೆ ದೂರು ಕೊಟ್ಟ: ಅಪೀಲ್ ಹುಡುಗಿಯದಲ್ಲ, ಅಂಪೈರಿನದು, ಆ ತೀರ್ಪು ರದ್ದಾಗಬೇಕು, ರಾಜ್ಯಮಟ್ಟಕ್ಕೆ ಬೆಳಗಾವಿಯೇ ಹೋಗಬೇಕು. ಬುರಾನುದ್ದೀನ ಬೈಕಿನಲ್ಲಿ ಅವಳನ್ನು ಸದಾಶಿವನಗರದ ಮನೆಗೆ ಬಿಡುವಾಗ ದಾರಿಯುದ್ದಕ್ಕೂ ಬೇರೆ ಬೇರೆ ವಿಷಯ ಮಾತಾಡಿದ. ಇಳಿಯುವಾಗ ನೇತ್ರಾ, ತಾನು ತಲೆಗಿಲೆ ಅಲ್ಲಾಡಿಸಿದೆನೇನು ಎಂದು ಕೇಳಿದಳು. ತಾನು ನೀರು ಕುಡಿಯುತ್ತಿದ್ದೆ, ನೋಡಿಲ್ಲ ಎಂದ ಅವನು. ಅವಳಿಗೂ ಖಾತ್ರಿಯಿರಲಿಲ್ಲ. ಕೇಳು, ಕೇಳು ಎಂದು ಮನಸ್ಸು ಅಷ್ಟು ಒತ್ತಿ ಹೇಳುತ್ತಿದ್ದಾಗ ಕುತ್ತಿಗೆ ಏನು ಮಾಡಿತೋ ಯಾರಿಗೆ ಗೊತ್ತು?

ಸೋಮವಾರ ಸಂಜೆ ಎಲ್ಲರೂ ಸಾಂಬ್ರಾದಲ್ಲಿ ಸಿದ್ದಪ್ಪನವರ ಮನೆಯಲ್ಲಿ ಸೇರಿದರು. ನಿವೃತ್ತ ದೈಹಿಕ ಶಿಕ್ಷಕರಾದ ಅವರೇ ಸಮಿತಿಯ ಮುಖ್ಯಸ್ಥರು. ಅರ್ಧ ಜಿಲ್ಲೆಯ ಅಂಪೈರುಗಳಿಗೆ ಪಾಠ ಹೇಳಿದವರು. ಖಾನಾಪುರದ ಕೋಚ್ ವಿನಯ ರವಿವಾರದ ಎರಡೂ ಪಂದ್ಯಗಳನ್ನು, ಅಂದರೆ ಬೆಳಗಿನ ಸೆಮಿಫೈನಲ್ ಮತ್ತು ಮಧ್ಯಾಹ್ನದ ಫೈನಲ್, ಹೋಮ್ ಪ್ಲೇಟಿನ ಹಿಂದಿನ ಬಲೆಯ ಕಂಬಕ್ಕೆ ಮೊಬೈಲ್ ಕಟ್ಟಿ ಚಿತ್ರೀಕರಿಸಿದ್ದ. ಅದನ್ನು ಟಿವಿಗೆ ಹಾಕಿದರು.

ನೇತ್ರಾ ತನ್ನನ್ನೇ ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು. ಕುತ್ತಿಗೆ ಅಲ್ಲಾಡಿರಲಿಲ್ಲ. ಮಾಸ್ಕ್ ಹಿಡಿದ ಕೈ ಅಲ್ಲಾಡಿರಲಿಲ್ಲ. ಬೆಳಗಾವಿಯ ಹುಡುಗಿಯರು ಅವಳ ಸುತ್ತ ಕುಣಿಯುತ್ತಿದ್ದರೂ ಆಕೆ ಅಲ್ಲಿ ನೆಟ್ಟ ಕಂಬದ ಹಾಗೆ ನಿಂತಿದ್ದಳು. ಖುಶ್ನುಮಾ ಹೋಮ್ ತುಳಿದಲ್ಲಿಂದ ಸಮೃದ್ಧಿ ಚೆಂಡಿಗೆ ಕೈ ಚಾಚುವವರೆಗೆ ಇಪ್ಪತ್ತಾರು ಸೆಕೆಂಡು. ವಿನಯ ನಿರಾಳವಾಗಿ ಉಸಿರು ಬಿಟ್ಟ.

ಓಂಕಾರ, ತಲೆ ಅಲ್ಲಾಡಿಸಿದರೆಂದು ತಾನು ಹೇಳೇ ಇಲ್ಲ, ನಿಂತದ್ದೇ ಸನ್ನೆ ಎಂದು ಹೇಳಿದ್ದು ಎಂದ. ಅಂಪೈರ್ ನಿಲ್ಲಬೇಕೆಂದು ನಿಯಮವೇ ಇದೆ ಎಂದು ನೇತ್ರಾ ಉತ್ತರಿಸಿದಳು. ಒಳ ಮೈದಾನದ ಹುಡುಗಿಯರು ಹೊರಹೋಗುವವರೆಗೂ ನಿಲ್ಲಲೇಬೇಕು, ಯಾವ ಪಂದ್ಯವಾದರೂ.

ಸಿದ್ದಪ್ಪನವರು ಚಹಾದ ಬಟ್ಟಲು ಕೆಳಗಿಟ್ಟರು. “ನಿಯಮ ನಾನಽ ನಿನಗ ಕಲಿಸೀನಿ, ತಂಗಿ. ನಾ ಅದನ್ನ ಕೇಳೂದಿಲ್ಲ. ನೀ ದಿನಾ ಎಷ್ಟೊತ್ತು ನಿಂದರ್ತಿ, ಅದನ್ನ ಹೇಳು.”

ಯಾವಾಗಲೂ ನಿಲ್ಲುತ್ತೇನೆ ಎಂದೇ ನೇತ್ರಾ ಇಲ್ಲಿಯವರೆಗೆ ನಂಬಿದ್ದಳು. ಆದರೆ ಪ್ರಯೋಗದ ಒಂದೇ ಅಳತೆ ಹಿಡಿದುಕೊಂಡು ಬರುವ ವಿದ್ಯಾರ್ಥಿಗೆ ತಾನು ಏನು ಹೇಳುತ್ತೇನೆ? ಹೋಲಿಸಲು ಇನ್ನೊಂದು ಎಲ್ಲಿದೆ ಎಂದು ತಿರುಗಿ ಕಳಿಸುತ್ತೇನೆ. ತಾನೇ ಅಂಪೈರ್ ಆಗಿದ್ದ ಬೆಳಗಿನ ಪಂದ್ಯದ ಕೊನೆ ಹಾಕಿರಿ ಎಂದು ಅವಳೇ ವಿನಯನಿಗೆ ಹೇಳಿದಳು. ಆ ಪಂದ್ಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಸಾಂಬ್ರಾದ ತಂಡವನ್ನು ಬೆಳಗಾವಿಯವರು ಸಲೀಸಾಗಿ ಸೋಲಿಸಿದ್ದರು.

ವಿನಯ ಹಾಕಲೋ ಬೇಡವೋ ಎಂದು ಒಂದು ಗಳಿಗೆ ಅವಳ ಮುಖ ನೋಡಿದ. ಹಾಕಿದ.

ಟಿವಿಯಲ್ಲಿ ಕೊನೆಯ ಔಟ್ ಆಯಿತು. ಅಂಪೈರ್ ಮಾಸ್ಕ್ ತೆಗೆದು ಬಗಲಿಗೆ ಇರುಕಿಕೊಂಡಳು, ಜೇಬಿನಿಂದ ಕರವಸ್ತ್ರ ತೆಗೆದಳು, ಮುಖ ಒರೆಸುತ್ತ ನೆರಳಿನ ಕಡೆ ನಡೆದಳು. ಅವಳ ಹಿಂದೆ ಒಳ ಮೈದಾನದಲ್ಲಿ ನಾಲ್ಕು ಹುಡುಗಿಯರು ಇನ್ನೂ ಕೈ ಕುಲುಕುತ್ತ ನಿಂತಿದ್ದರು. ಅವಳು ನಿಂತದ್ದು ಏಳು ಸೆಕೆಂಡು.

ಹತ್ತಿರದ ನಿಲ್ದಾಣದಲ್ಲಿ ವಿಮಾನವೊಂದು ಇಳಿಯುವ ಸದ್ದು ಕಿಟಕಿಯ ಗಾಜನ್ನು ನಡುಗಿಸಿ ಹೋಯಿತು.

ನೇತ್ರಾ ಮೊದಲು ಮಾತಾಡಿದಳು. ತಾನು ಮಧ್ಯಾಹ್ನ ನಿಂತದ್ದು ಕಾಲು ನೋಡಿದ್ದರಿಂದಲೇ ಎಂದಳು. ನೋಡದಿದ್ದರೆ ಬುರಾನುದ್ದೀನನ ಹಿಂದೆಯೇ ನೀರಿಗೆ ಹೋಗುತ್ತಿದ್ದೆ. ಹೇಳಿಕೆಯಲ್ಲಿ ಇಪ್ಪತ್ತಾರು, ಏಳು ಎರಡೂ ಅಂಕಿ ಬರೆದುಕೊಡುತ್ತೇನೆ ಎಂದಳು. ವಿನಯನ ಮುಖ ಸಣ್ಣದಾಯಿತು. ಅವನ ಹುಡುಗಿಯರು ರಾಜ್ಯಮಟ್ಟಕ್ಕೆಂದು ಬ್ಯಾಗು ಕೂಡ ನೋಡಿಟ್ಟಿದ್ದರು.

“ಇಷ್ಟಽರಿ ನಾ ಹೇಳಿದ್ದು,” ಎಂದ ಓಂಕಾರ. ದನಿಯಲ್ಲಿ ಗೆದ್ದವರ ಉಬ್ಬು ಇರಲಿಲ್ಲ. “ದಿನಾ ನಿಂತಿದ್ರ ನೀವು ನಿಂತಿದ್ದನ್ನ ಯಾರೂ ನೋಡ್ತಿರಲಿಲ್ಲ, ಮ್ಯಾಡಮ್. ಗ್ರೌಂಡಿನ ಕಂಬ ಅನ್ಕೊಂಡು ಹಂಗಽ ದಾಟಿ ಹೋಗ್ತಿದ್ರು.”

ಹುಡುಗಿ ಸಪ್ಪಳ ಕೇಳಿದ್ದು ತನ್ನದೇ ಕಿವಿಯಿಂದ ಎಂದರು ಸಿದ್ದಪ್ಪನವರು. ಅಂಪೈರ್ ನಿಂತದ್ದನ್ನು ನೋಡಿದ್ದು ತನ್ನ ಕಣ್ಣಿನಿಂದ. ಕಣ್ಣು ಕಿವಿ ತೆರೆದಿಟ್ಟು ಆಡುವುದನ್ನು ಯಾವ ನಿಯಮವೂ ಬೇಡವೆನ್ನುವುದಿಲ್ಲ. ಕೊನೆಗೆ ಓಂಕಾರನ ಕಡೆ ನೋಡಿ ಹೇಳಿದರು:

“ಮಧ್ಯಾಹ್ನ ನಿಂತಿದ್ದು ಸರಿ. ಮುಂಜಾನಿ ಹೋಗಿದ್ದು ತಪ್ಪು. ಮುಂಜಾನಿ ತಪ್ಪು ಮಾಡ್ಯಾಳಂತ ಮಧ್ಯಾಹ್ನನೂ ಮಾಡಬೇಕಿತ್ತು ಅನ್ನಾಕ ಬರೂದಿಲ್ಲಪಾ. ಖಾನಾಪುರ ಹೋಗ್ತೈತಿ.”

ಓಂಕಾರ ವಾದ ಮಾಡಲಿಲ್ಲ. ಏಳುವಾಗ ಚಪ್ಪಲಿ ಹುಡುಕುತ್ತ, ಖುಶ್ನುಮಾ ನಿನ್ನೆಯಿಂದ ಊಟ ಸರಿಯಾಗಿ ಮಾಡಿಲ್ಲವಂತೆ ಎಂದು ಯಾರಿಗೋ ಎಂಬಂತೆ ಹೇಳಿದ. ಸಿದ್ದಪ್ಪನವರು ನೇತ್ರಾಳನ್ನು ಬಾಗಿಲವರೆಗೆ ಕಳಿಸಲು ಬಂದರು. ರಾಜ್ಯಮಟ್ಟಕ್ಕೆ ಜಿಲ್ಲೆಯಿಂದ ಒಬ್ಬ ಅಂಪೈರನ್ನು ಕಳಿಸಬೇಕಿತ್ತು; ಈ ಸಲ ಬುರಾನುದ್ದೀನ ಹೋಗಲಿ ಎಂದರು. ಅವಳು ಹೂಂ ಎಂದಳು. ಅದರಲ್ಲಿ ವಾದಕ್ಕೆ ಜಾಗವಿರಲಿಲ್ಲ.

ಆ ವಾರ ಅವಳು ಪಾಠ ಮಾಡಿದಳು, ಪ್ರಯೋಗಾಲಯದಲ್ಲಿ ಲೋಲಕ ತೂಗಿಸಿದಳು, ಮಕ್ಕಳು ಬರೆದ ಅಳತೆಗಳನ್ನು ತಿದ್ದಿದಳು. ನಡುನಡುವೆ ಓಂಕಾರನ ಮಾತು ಬಂದು ಕೂರುತ್ತಿತ್ತು. ಮೌನವಾಗಿರುವುದೆಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಏನಾದರೂ ಕಂಡ ದಿನವೂ ಏನೂ ಕಾಣದ ದಿನವೂ ಒಂದೇ ಥರ ಇದ್ದರೆ ಮಾತ್ರ ಅದು ಮೌನ. ಒಂದು ದಿನ ಹೆಚ್ಚು ನಿಂತು ಒಂದು ದಿನ ಕಡಿಮೆ ನಿಂತರೆ ಅದು ಮಾತೇ, ಓದಬಲ್ಲವರು ಓದಿಕೊಳ್ಳುತ್ತಾರೆ. ಸಮೃದ್ಧಿ ಓದಿಕೊಂಡಳು. ಅದು ಅವಳ ತಪ್ಪಲ್ಲ. ಖುಶ್ನುಮಾಳದ್ದು ಮಾತ್ರ ನೇತ್ರಾಳಿಗೆ ಬಗೆಹರಿಯಲಿಲ್ಲ. ಆ ಹುಡುಗಿ ಕಾಲು ಬೇಗ ಕಿತ್ತದ್ದು ನಿಜ, ಔಟಾದದ್ದೂ ನ್ಯಾಯ. ಹೀಗಿದ್ದೂ ತಾನು ಪ್ರತಿ ಪಂದ್ಯದಲ್ಲೂ ಒಂದೇ ಥರ ನಿಂತಿದ್ದರೆ ಅವಳು ಗೆದ್ದು ಮನೆಗೆ ಹೋಗುತ್ತಿದ್ದಳು.

ಮುಂದಿನ ರವಿವಾರ ಬೆಳಗಾವಿಯಲ್ಲಿ ಒಂದು ಸ್ನೇಹಪಂದ್ಯವಿತ್ತು. ಹುಡುಗಿಯರ ಎರಡು ಹೊಸ ತಂಡಗಳು, ಹದಿನಾಲ್ಕು–ಎರಡು. ಯಾರಿಗೂ ಯಾವುದರ ಮೇಲೂ ಆಸೆಯಿಲ್ಲದ ಪಂದ್ಯ. ಕೊನೆಯ ಬ್ಯಾಟರ್ ಮೂರು ಸಲ ಬೀಸಿದಳು, ಮೂರೂ ಸಲ ಚೆಂಡು ತಾಗಲಿಲ್ಲ. ನೇತ್ರಾ ಔಟ್ ಕೊಟ್ಟು, ಮಾಸ್ಕ್ ತೆಗೆದು, ಎಡಗೈಯಲ್ಲಿ ಹಿಡಿದು, ಹೋಮ್ ಪ್ಲೇಟಿನ ಪಕ್ಕದಲ್ಲಿ ನಿಂತಳು.

ಬುರಾನುದ್ದೀನ ನೀರಿನ ಕಡೆ ಎರಡು ಹೆಜ್ಜೆ ಹಾಕಿದವನು ತಿರುಗಿ ನೋಡಿದ. ಮರಳಿ ಬಂದು ತನ್ನ ಜಾಗದಲ್ಲಿ ನಿಂತ. ಜೇಬಿನಿಂದ ಮೊಬೈಲ್ ತೆಗೆದು ಸಮಯ ಎಣಿಸಲು ಹಚ್ಚಿದ್ದನ್ನು ಅವಳು ಕಂಡಳು.

ಪಿಚರ್ ಹೊರಟಳು. ಮೊದಲನೇ ಬೇಸಿನವಳು ಹೊರಟಳು. ಮೂರನೆಯವಳೂ ಅವಳ ಪಕ್ಕದವಳೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಎರಡನೇ ಬೇಸಿನ ಹುಡುಗಿ ಮಾತ್ರ ಕುಕ್ಕರಗಾಲಲ್ಲಿ ಕೂತು ಮಣ್ಣಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಕೂದಲ ಕ್ಲಿಪ್ಪು ಬಿದ್ದಿರಬೇಕು. ಬಿಸಿಲು ಚುರುಗುಟ್ಟುತ್ತಿತ್ತು. ಹುಡುಗಿಯ ತಾಯಿ ಬೇಲಿಯಾಚೆಯಿಂದ, ಮನಿಗಿ ಹೋಗಿ ಬ್ಯಾರೇದು ಕೊಡಸ್ತೀನಿ ಬಾ ಎಂದು ಕರೆದಳು. ಹುಡುಗಿ ಕೇಳಲಿಲ್ಲ. ಬೆವರು ನೇತ್ರಾಳ ಕಣ್ಣಿಗಿಳಿಯಿತು. ಕರವಸ್ತ್ರ ಜೇಬಿನಲ್ಲೇ ಇತ್ತು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ.

ಕ್ಲಿಪ್ಪು ಸಿಕ್ಕಿತು. ಹುಡುಗಿ ಅದನ್ನು ಸಡಿಲವಾಗಿ ಜೋತುಬಿದ್ದ ಅಂಗಿಯ ತುದಿಗೆ ಒರೆಸಿ, ತಲೆಗೆ ಸಿಕ್ಕಿಸಿಕೊಂಡು, ಸುಣ್ಣದ ಗೆರೆ ದಾಟಿ ಹೋದಳು. ಬುರಾನುದ್ದೀನ ಮೊಬೈಲನ್ನು ನೇತ್ರಾಳ ಕಡೆ ತಿರುಗಿಸಿದ. ಒಂದು ನಿಮಿಷ ಐವತ್ತೆರಡು ಸೆಕೆಂಡು.